ಗೊಬ್ಬರದ ಗಿಡದ ಕೂಳೆಯಿಂದ ಒಂದು ಸ್ಟೂಲು

ಕೂಳೆ ಕಬ್ಬು ಎಲ್ಲರಿಗೂ ಗೊತ್ತು. ಕಬ್ಬು ಕಡಿದ ಮೇಲೆ ಬುಡ ಹಾಗೇ ಬಿಟ್ಟರೆ ಹಳೆ ಬೇರಿನಿಂದಲೇ ಇನ್ನೊಂದು ಬೆಳೆ ಏಳುತ್ತದೆ. ಎಷ್ಟೋ ಮರಗಳಿಗೂ ಇದೇ ಗುಣ ಇದೆ. ಬುಡಕ್ಕೆ ಕಡಿದರೂ ಸಾಯುವುದಿಲ್ಲ. ಬೊಡ್ಡೆಯ ಸುತ್ತ ಹತ್ತಾರು ಚಿಗುರು ಒಡೆದು, ಬಿಸಿಲಿಗೆ ಪೈಪೋಟಿ ಮಾಡುತ್ತ ನೆಟ್ಟಗೆ ಮೇಲೆ ಓಡುತ್ತವೆ. ಕೆಳಗೆ ಬೇರು ಹಳೆಯದು, ದೊಡ್ಡದು. ಅದಕ್ಕೇ ಆ ಚಿಗುರಿಗೆ ಅಷ್ಟು ಜೋರು.

ನಮ್ಮ ತೆಂಗಿನ ತೋಟದ ಬದುವಿನ ಮೇಲೆ ಗ್ಲಿರಿಸಿಡಿಯಾ ಸಾಲು ಇದೆ. ಊರಲ್ಲಿ ಗೊಬ್ಬರದ ಗಿಡ ಎನ್ನುತ್ತಾರೆ. ಸೊಪ್ಪು ತೆಂಗಿನ ಬುಡಕ್ಕೆ, ಕಡ್ಡಿ ನೀರೊಲೆಗೆ. ಅದರ ಬಾಳು ಅಷ್ಟೇ ಎಂದುಕೊಂಡಿದ್ದೆ. ಒಂದು ದಿನ ಗುದ್ದಲಿ ಕಾವು ಮುರಿಯಿತು. ಪೇಟೆಗೆ ಹೋಗಲು ಸೋಮಾರಿತನ. ಸೌದೆ ರಾಶಿಯಿಂದ ಒಂದು ಒಣ ಕೋಲು ಎಳೆದು, ಕೆತ್ತಿ, ಸಿಕ್ಕಿಸಿದೆ. ಅದು ನಾಲ್ಕು ವರ್ಷ ಬಂತು. ಅವತ್ತಿನಿಂದ ಸೌದೆ ರಾಶಿ ನೋಡುವ ಕಣ್ಣೇ ಬೇರೆಯಾಯಿತು.

ಇಲ್ಲಿ ಮೂರು ವಸ್ತು ಮಾಡುವುದನ್ನು ಹೇಳುತ್ತೇನೆ. ಗೋಡೆಗೆ ಒಂದು ಕೊಕ್ಕೆ, ಪಿಕಾಸಿಗೆ ಒಂದು ಕಾವು, ಕೂರಲು ಒಂದು ಸ್ಟೂಲು. ಕೊಕ್ಕೆಗೆ ಒಂದು ಗಂಟೆ ಸಾಕು. ಸ್ಟೂಲಿಗೆ ಸುಮಾರು ಮೂರು ತಿಂಗಳು ಬೇಕು. ಗಾಬರಿ ಬೇಡ, ಅದರಲ್ಲಿ ಕೆಲಸ ಮೂರು ದಿನದ್ದು, ಮಿಕ್ಕಿದ್ದು ಮರ ಒಣಗಲು ಕಾಯುವುದು.

ಯಾವ ಮರ?

ಯೂಟ್ಯೂಬ್‌ನಲ್ಲಿ ಈ ಕೆಲಸ ಹುಡುಕಿದರೆ ಬರುವುದೆಲ್ಲ ಇಂಗ್ಲೆಂಡಿನ ವಿಡಿಯೋಗಳು. ಹೇಜಲ್, ಆಶ್, ಚೆಸ್ಟ್‌ನಟ್ ಎನ್ನುತ್ತಾರೆ. ಅಲ್ಲಿ ಹೇಜಲ್ ಅನ್ನು 7ರಿಂದ 10 ವರ್ಷಕ್ಕೊಮ್ಮೆ ಕಡಿಯುತ್ತಾರೆ. ನಮ್ಮ ಗೊಬ್ಬರದ ಗಿಡ ಆ ದಪ್ಪಕ್ಕೆ ಎರಡು ಮೂರು ವರ್ಷದಲ್ಲಿ ಬರುತ್ತದೆ. ಹಾಗಾಗಿ ಅವರ ಲೆಕ್ಕ ನಮಗೆ ಹೊಂದುವುದಿಲ್ಲ, ಕೈಚಳಕ ಮಾತ್ರ ಕಲಿಯಬಹುದು.

ಗ್ಲಿರಿಸಿಡಿಯಾ ಮೂಲತಃ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ್ದು. ಅಲ್ಲಿ ಕೋಕೋ ಗಿಡಗಳಿಗೆ ನೆರಳಾಗಿ ಬೆಳೆಸುತ್ತಿದ್ದರು, ಅದಕ್ಕೆ ಕೋಕೋದ ತಾಯಿ ಎಂಬ ಹೆಸರೂ ಇದೆ. ಮರ ಗಟ್ಟಿ, ಭಾರ, ಬಲಿತರೆ ಕಂದು ಬಣ್ಣದ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಕಟ್ಟುತ್ತದೆ. ಒಂದೇ ಎಚ್ಚರ: ಇದರ ತೊಗಟೆ, ಬೀಜವನ್ನು ಇಲಿ ಪಾಷಾಣದ ಹಾಗೆ ಬಳಸುತ್ತಿದ್ದರು. ಲ್ಯಾಟಿನ್ ಹೆಸರಿನ ಅರ್ಥವೇ ಇಲಿ ಕೊಲ್ಲುವುದು ಎಂದು. ಆದ್ದರಿಂದ ಸೌಟು, ಚಮಚ, ಮಜ್ಜಿಗೆ ಕಡೆಯುವ ಕಡಗೋಲು, ಮಕ್ಕಳು ಬಾಯಿಗೆ ಇಡುವ ಆಟಿಕೆ, ಯಾವುದಕ್ಕೂ ಇದು ಬೇಡ. ಉಪ್ಪುಕಾಗದ ಹಾಕುವಾಗ ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಅಡುಗೆಮನೆ ಸಾಮಾನಿಗೆ ಹಿಪ್ಪುನೇರಳೆ ಒಳ್ಳೆಯದು. ರೇಷ್ಮೆ ಬೆಳೆಯುವವರು ವರ್ಷಕ್ಕೆ ಐದು ಸಲ ಕೊಂಬೆ ಕೊಯ್ಯುತ್ತಾರೆ. ಅದೂ ಕೂಳೆಯೇ ಅಲ್ವಾ? ಆ ಪೆನ್ಸಿಲ್ ದಪ್ಪದ ಕಡ್ಡಿ ಬುಟ್ಟಿಗೆ ಆದೀತು ಅಷ್ಟೆ. ಆದರೆ ಮರವಾಗಿ ಬೆಳೆಸಿದ ಹಿಪ್ಪುನೇರಳೆಯ ಕೊಂಬೆ ಸಿಕ್ಕರೆ ಬಿಡಬೇಡಿ. ಮರದ ನಾರಿನ ಎಳೆ ನೇರ, ಬಾಗಿಸಿದರೆ ಬಾಗುತ್ತದೆ, ಪೆಟ್ಟು ತಡೆಯುತ್ತದೆ. ನಮ್ಮ ದೇಶದಲ್ಲಿ ಹಾಕಿ ಸ್ಟಿಕ್ ಮಾಡುತ್ತಿದ್ದದ್ದು ಈ ಮರದಲ್ಲೇ. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರ ಕೂಡ ಕಡಿದರೆ ಚಿಗುರುವ ಜಾತಿ. ಬೆಣ್ಣೆ ಹಾಗೆ ಕೆತ್ತಬಹುದು. ಆದರೆ ಹೊಲದ ಕೆಲಸದ ಕಾವಿಗೆ ಅದು ಆಗುವುದಿಲ್ಲ, ಮೆತ್ತಗೆ.

ಹೊಂಗೆ ಚೆನ್ನಾಗಿ ಚಿಗುರುತ್ತದೆ, ಆದರೆ ಹುಳ ಬೇಗ ಬೀಳುತ್ತದೆ. ಸುಬಾಬುಲ್ ಪರವಾಗಿಲ್ಲ. ನೀಲಗಿರಿ ವಿಷಯದಲ್ಲಿ ನನ್ನ ಮಾತು ಕೇಳಿ: ಗುಂಡನೆಯ ಹಸಿ ಕೋಲು ತಂದು ಮನೆಯೊಳಗೆ ಇಡಬೇಡಿ. ಅದು ಬೆಳೆಯುವಾಗಲೇ ಒಳಗೆ ಬಿಗಿ ಕಟ್ಟಿಕೊಂಡಿರುತ್ತದೆ. ನಾನು ಆರು ಕೋಲು ತಂದು ಹಜಾರದ ಮೂಲೆಯಲ್ಲಿ ನಿಲ್ಲಿಸಿದ್ದೆ. ರಾತ್ರಿ ಎರಡು ಗಂಟೆಗೆ ಪಟಾಕಿ ಹೊಡೆದ ಹಾಗೆ ಒಂದೊಂದೇ ಸೀಳಿದವು. ಮನೆಯವರೆಲ್ಲ ಎದ್ದು ಕೂತರು.

ಕಾನೂನು ಒಂದು ಮಾತಲ್ಲಿ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಗ್ಲಿರಿಸಿಡಿಯಾ, ಸುಬಾಬುಲ್, ನೀಲಗಿರಿ, ಸಿಲ್ವರ್ ಓಕ್ ಇವೆ. ತೇಗ, ಹೊನ್ನೆ, ಬೀಟೆ ಎಂದರೆ ಸ್ವಂತ ಜಮೀನಿನದ್ದಾದರೂ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ.

ಕಡಿಯುವುದು

ಗೊಬ್ಬರದ ಗಿಡವನ್ನು ಬುಡಕ್ಕೇ ಕಡಿಯಬಹುದು, ಸೊಂಟದ ಎತ್ತರಕ್ಕೂ ಕಡಿಯಬಹುದು. ಊರಲ್ಲಿ ಮೇಕೆ ಇದ್ದರೆ ಎದೆ ಮಟ್ಟವೇ ವಾಸಿ. ಬುಡದ ಚಿಗುರನ್ನು ಮೇಕೆ ಉಳಿಸುವುದಿಲ್ಲ.

ಕಾಲ ಯಾವುದು? ನಾನು ಕಡಿಯುವುದು ಸಂಕ್ರಾಂತಿಯ ಆಸುಪಾಸಿನಲ್ಲಿ. ಆಗ ಎಲೆ ಉದುರಿರುತ್ತದೆ, ಕೋಲು ಯಾವುದು ನೇರ, ಯಾವುದು ಡೊಂಕು ಎಂದು ಕಣ್ಣಿಗೆ ಕಾಣುತ್ತದೆ. ಮುಂದೆ ಒಣಗಿಸಲು ಒಣ ಹವೆ ಸಿಗುತ್ತದೆ. ಮಳೆಗಾಲದಲ್ಲಿ ಕಡಿದ ಕೋಲು ಬೂಷ್ಟು ಹಿಡಿದು ಕರಿ ಕಲೆಯಾಗುತ್ತದೆ. ಅಮಾವಾಸ್ಯೆ ಹತ್ತಿರ ಕಡಿದರೆ ಹುಳ ಬೀಳುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ನಾನು ಎರಡೂ ಪಕ್ಷದಲ್ಲಿ ಕಡಿದಿದ್ದೇನೆ. ನಮ್ಮ ಮನೆಯ ಕುಟ್ಟೆ ಹುಳ ಪಂಚಾಂಗ ನೋಡುವುದಿಲ್ಲ.

ದಪ್ಪ ಕೋಲಿಗೆ ಮಚ್ಚು ಬೀಸಬೇಡಿ. ಮಚ್ಚಿನ ಪೆಟ್ಟಿಗೆ ಬೊಡ್ಡೆ ಸೀಳುತ್ತದೆ, ಸೀಳಿನಲ್ಲಿ ನೀರು ನಿಂತು ಕೊಳೆಯುತ್ತದೆ. ಗರಗಸ ಹಿಡಿಯಿರಿ. ಮೊದಲು ಕೋಲು ಬೀಳುವ ಕಡೆಯಿಂದ ಕಾಲು ಭಾಗ ಕೊಯ್ಯಿರಿ, ಆಮೇಲೆ ಎದುರು ಕಡೆಯಿಂದ. ಹೀಗೆ ಮಾಡಿದರೆ ಬೀಳುವಾಗ ತೊಗಟೆ ಹರಿದುಕೊಂಡು ಹೋಗುವುದಿಲ್ಲ. ಕೊಯ್ದ ಮುಖ ಸ್ವಲ್ಪ ಓರೆ ಇರಲಿ, ಮಳೆ ನೀರು ಹೊರಕ್ಕೆ ಜಾರಲಿ.

ಕೋಲು ನೋಡಿ ವಸ್ತು

ಮರದ ಕೆಲಸ ಎಂದರೆ ನಮ್ಮ ತಲೆಯಲ್ಲಿ ಹಲಗೆ ಬರುತ್ತದೆ. ಕಾಗದದ ಮೇಲೆ ಚಿತ್ರ ಬರೆದು, ಸಾಮಿಲ್‌ಗೆ ಹೋಗಿ ಅಳತೆ ಕೊಟ್ಟು ಕೊಯ್ಯಿಸುವುದು ರೂಢಿ. ಕೂಳೆ ಮರದಲ್ಲಿ ಅದು ತಿರುಗುಮುರುಗು. ಹಲಗೆ ಇಲ್ಲಿ ಇಲ್ಲವೇ ಇಲ್ಲ. ಇರುವುದು ಹೆಬ್ಬೆರಳಿನಿಂದ ಮುಂಗೈ ದಪ್ಪದವರೆಗಿನ ಗುಂಡು ಕೋಲು. ಅದನ್ನು ಕೊಯ್ದು ಹಲಗೆ ಮಾಡಲು ಹೋದರೆ ಕೋಲೂ ಹಾಳು, ಹಲಗೆಯೂ ಇಲ್ಲ. ಗುಂಡಗಿರುವುದೇ ಅದರ ಬಲ. ಎಳೆ ಎಲ್ಲೂ ಕತ್ತರಿಸಿರುವುದಿಲ್ಲ, ಬುಡದಿಂದ ತುದಿಗೆ ಒಂದೇ ಸಮ ಹರಿದಿರುತ್ತದೆ. ಅದೇ ದಪ್ಪಕ್ಕೆ ಹಲಗೆಯಿಂದ ಸೀಳಿದ ರೀಪಿಗಿಂತ ಇದು ಎಷ್ಟೋ ಗಟ್ಟಿ.

ಹಾಗಾಗಿ ಕಡಿದ ದಿನ ನಾನು ಎಲ್ಲ ಕೋಲನ್ನೂ ಅಂಗಳದಲ್ಲಿ ಹರಡುತ್ತೇನೆ. ಕಾಫಿ ಹಿಡಿದು ಸುಮ್ನೆ ಸುತ್ತು ಹಾಕುತ್ತೇನೆ. ನೆಟ್ಟಗಿರುವುದು ಒಂದು ಕಡೆ, ಅದು ಸ್ಟೂಲಿಗೆ, ಕಾವಿಗೆ. ಕವಲೊಡೆದ ಕವೆ ಇರುವುದು ಇನ್ನೊಂದು ಕಡೆ, ಅದು ಕೊಕ್ಕೆಗೆ. ಬೊಡ್ಡೆಯಿಂದ ಹೊರಟ ಚಿಗುರು ಮೊದಲು ಪಕ್ಕಕ್ಕೆ ಬಂದು ಆಮೇಲೆ ಮೇಲೇಳುತ್ತದೆ, ಅಲ್ಲಿ ಒಂದು ಚೆಂದದ ಬಾಗು ಇರುತ್ತದೆ. ಆ ಬಾಗನ್ನು ಬುಡ ಸಮೇತ ಕೊಯ್ದಿದ್ದರೆ ಊರುಗೋಲಿನ ಹಿಡಿ, ಬ್ಯಾಗಿನ ಹಿಡಿ, ಬಾಗಿಲಿನ ಹಿಡಿ, ಬೇಕಾದ್ದು ಆಗುತ್ತದೆ. ಹಲಗೆಯಲ್ಲಿ ಆ ಬಾಗು ಕೆತ್ತಿದರೆ ಎಳೆ ಅಡ್ಡ ಬಂದು ಮುರಿಯುತ್ತದೆ. ಇಲ್ಲಿ ಎಳೆಯೇ ಬಾಗಿಕೊಂಡಿದೆ.

ಯಾವುದಕ್ಕೂ ಆಗದ ಡೊಂಕು ನೀರೊಲೆಗೆ. ಎಲ್ಲವನ್ನೂ ಉಳಿಸಿಕೊಳ್ಳುವ ಚಪಲ ಬೇಡ. ನನ್ನ ಶೆಡ್ಡು ಒಂದು ಕಾಲದಲ್ಲಿ ಅದರಿಂದಲೇ ತುಂಬಿತ್ತು.

ಹದ

ಇಡೀ ವಿದ್ಯೆ ಇರುವುದು ಇಲ್ಲೇ. ಮಿಕ್ಕಿದ್ದೆಲ್ಲ ಕೈ ಕೆಲಸ.

ಹಸಿ ಮರ ಒಣಗುವಾಗ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅಡ್ಡದಲ್ಲೂ ಎರಡು ಬಗೆ. ತಿರುಳಿನಿಂದ ಹೊರಕ್ಕೆ ಇರುವ ಕುಗ್ಗು ಒಂದು ಪಾಲಾದರೆ, ಸುತ್ತಲಿನ ಕುಗ್ಗು ಸುಮಾರು ಎರಡು ಪಾಲು. ಸುತ್ತಳತೆ ಕುಗ್ಗಬೇಕು, ಆದರೆ ಒಳಗಿನ ತಿರುಳು ಅಷ್ಟು ಕುಗ್ಗುವುದಿಲ್ಲ. ಆಗ ಏನಾಗಬೇಕು? ಹೊರಗೆ ಬಿರುಕು ಬಿಡಲೇಬೇಕು. ಗುಂಡು ಕೋಲು ಸೀಳುವುದು ಇದಕ್ಕೇ. ಮರದ ಜಾತಿ ಕೆಟ್ಟದ್ದೆಂದಲ್ಲ.

ಇದನ್ನು ಪೂರ್ತಿ ತಪ್ಪಿಸಲಾಗದು, ಕಡಿಮೆ ಮಾಡಬಹುದು. ತೆಳುವಾದ ಕೋಲು ಆರಿಸಿ, 5 ಸೆಂ.ಮೀ. ಒಳಗಿನದ್ದು. ಕೊಯ್ದ ಎರಡೂ ತುದಿಗೆ ಅವತ್ತೇ ಸಗಣಿ ಬಳಿಯಿರಿ, ಹಳೆ ಪೇಂಟ್ ಇದ್ದರೆ ಅದೂ ಆದೀತು. ತುದಿಯಿಂದ ನೀರು ಬೇಗ ಹಾರುತ್ತದೆ, ಸೀಳು ಶುರುವಾಗುವುದು ಅಲ್ಲಿಂದಲೇ. ಅಳತೆಗಿಂತ ಎರಡೂ ಕಡೆ 5 ಸೆಂ.ಮೀ. ಜಾಸ್ತಿ ಬಿಟ್ಟು ಕೊಯ್ಯಿರಿ. ನೆರಳಲ್ಲಿ, ಗಾಳಿ ಆಡುವ ಕಡೆ, ನೆಲ ಮುಟ್ಟದ ಹಾಗೆ ಅಡ್ಡಕಡ್ಡಿ ಮೇಲೆ ಜೋಡಿಸಿ. ಬಿಸಿಲಿಗೆ ಹಾಕಿದರೆ ಒಂದೇ ಮಧ್ಯಾಹ್ನಕ್ಕೆ ಕೆಟ್ಟಿತು. ದಪ್ಪ ಕಂಬಗಳಿಗೆ ಜಪಾನಿನ ಬಡಗಿಗಳು ಒಂದು ಉಪಾಯ ಮಾಡುತ್ತಾರೆ. ಕಾಣದ ಬದಿಯಲ್ಲಿ ಉದ್ದಕ್ಕೂ ತಿರುಳಿನ ತನಕ ಒಂದು ಗರಗಸದ ಗೀರು ಹಾಕಿಬಿಡುತ್ತಾರೆ. ಹೇಗೂ ಸೀಳುವುದು, ನಾವು ಹೇಳಿದ ಕಡೆ ಸೀಳಲಿ ಎಂದು. ನಾನು ಮುಂಗೈಗಿಂತ ದಪ್ಪದ್ದಕ್ಕೆ ಹಾಗೇ ಮಾಡುತ್ತೇನೆ.

ತೊಗಟೆ ತೆಗೆಯಲೇಬೇಕು, ಅದೂ ಹಸಿ ಇರುವಾಗಲೇ. ಕಡಿದ ಎರಡು ಮೂರು ದಿನದಲ್ಲಿ ಮಚ್ಚಿನ ಬೆನ್ನಿನಿಂದ ಕೆರೆದರೆ ಬಾಳೆ ಸಿಪ್ಪೆ ಹಾಗೆ ಬರುತ್ತದೆ. ಒಣಗಿದ ಮೇಲೆ ಹೋರಾಟ. ತೊಗಟೆ ಬಿಟ್ಟರೆ ನೋಡಲು ಹಳ್ಳಿಗಾಡಿನ ಸೊಗಸು ಎನ್ನುವವರಿದ್ದಾರೆ. ಆ ಸೊಗಸಿನ ಕೆಳಗೇ ಹುಳ ಮೊಟ್ಟೆ ಇಡುವುದು.

ಹುಳದ ಮಾತು ಬಂತಲ್ಲ, ಮುಗಿಸಿಬಿಡೋಣ. ಕುಟ್ಟೆ ಹುಳಕ್ಕೆ ಬೇಕಾದ್ದು ಮರದ ಹೊರಗಿನ ಬಿಳಿ ಭಾಗದಲ್ಲಿರುವ ಪಿಷ್ಟ. ಎಳೆ ಕೂಳೆಯಲ್ಲಿ ಹೆಚ್ಚಿನದೆಲ್ಲ ಬಿಳಿ ಭಾಗವೇ. ಬೋರಾಕ್ಸ್ ದ್ರಾವಣ ಮಾಡಿಕೊಳ್ಳಿ: 10 ಲೀಟರ್ ಬಿಸಿ ನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್. ತೊಗಟೆ ತೆಗೆದ ಹಸಿ ಕೋಲನ್ನು ಒಂದು ವಾರ ಇದರಲ್ಲಿ ಮುಳುಗಿಸಿಡಿ. ಉದ್ದ ಕೋಲಿಗೆ ಒಂದು ಕಡೆ ಮುಚ್ಚಿದ ಪಿವಿಸಿ ಪೈಪು ನಿಲ್ಲಿಸಿದರೆ ಅದೇ ತೊಟ್ಟಿ. ಕೈಗೆ ಗ್ಲೌಸ್ ಹಾಕಿ, ದನಕರು ಮೂಸದ ಕಡೆ ಇಡಿ. ಊಟದ ಸಾಮಾನಿಗೆ ಈ ದ್ರಾವಣ ಬೇಡವೇ ಬೇಡ.

ಕೊಕ್ಕೆ ಮತ್ತು ಕಾವು

ಮೊದಲು ಕೊಕ್ಕೆ. ಹೆಬ್ಬೆರಳು ದಪ್ಪದ ಕವೆ ತೆಗೆದುಕೊಳ್ಳಿ. ದಪ್ಪ ಕಾಲನ್ನು ಗೋಡೆಗೆ ಒರಗುವ ಹಾಗೆ ಒಂದು ಬದಿ ಚಪ್ಪಟೆ ಮಾಡಿ. ಇದಕ್ಕೆ ಮರ ಹೆರೆಯುವ ತೋಪಡ ಬೇಡ, ಹರಿತ ಚಾಕು ಸಾಕು. ಸಣ್ಣ ಕಾಲು ಮೇಲ್ಮುಖವಾಗಿ ಚಾಚಿರಲಿ, 7 ಸೆಂ.ಮೀ. ಸಾಕು, ತುದಿ ದುಂಡಗೆ ಮಾಡಿ. ಒಣಗಿದ ಮೇಲೆ ಎರಡು ತೂತು ಹೊಡೆದು ಸ್ಕ್ರೂ ಹಾಕಿ. ಹಸಿ ಇರುವಾಗ ಸ್ಕ್ರೂ ಬಿಗಿದರೆ ತೂತಿನಿಂದಲೇ ಸೀಳುತ್ತದೆ. ಬಾಗಿಲ ಹಿಂದೆ ಐದಾರು ಕೊಕ್ಕೆ ಸಾಲಾಗಿ ಇದ್ದರೆ ಛತ್ರಿ, ಚೀಲ, ಟವೆಲ್ಲು ಎಲ್ಲಕ್ಕೂ ಜಾಗವಾಯಿತು.

ಪಿಕಾಸಿ ಕಾವಿಗೆ ಕೂಳೆ ಕೋಲು ಹೇಳಿ ಮಾಡಿಸಿದ ಹಾಗೆ. ಏಕೆಂದರೆ ಅದರ ಬುಡ ತಾನಾಗಿಯೇ ದಪ್ಪ. ಪಿಕಾಸಿಯ ಕಣ್ಣು ಮೇಲ್ಗಡೆ ಅಗಲ, ಕೆಳಗಡೆ ಕಿರಿದು. ಕಾವಿನ ತೆಳು ತುದಿಯನ್ನು ಮೇಲಿನಿಂದ ತೂರಿಸಿ ಎಳೆದರೆ ದಪ್ಪ ಬುಡ ಬಂದು ಕಣ್ಣಿನಲ್ಲಿ ಕೂರುತ್ತದೆ. ಬೀಸಿದಷ್ಟೂ ಬಿಗಿ. ಬೆಣೆ ಬೇಡ. ಕೋಲು ಪೂರ್ತಿ ಒಣಗಿರಬೇಕು, ಅದೊಂದೇ ಷರತ್ತು. ಕಣ್ಣಿನ ಒಳಗೆ ಒಲೆ ಮಸಿ ಸವರಿ ಒಮ್ಮೆ ಹಾಕಿ ತೆಗೆಯಿರಿ. ಮರದ ಮೇಲೆ ಎಲ್ಲಿ ಮಸಿ ಹತ್ತಿದೆಯೋ ಅಲ್ಲಿ ಮಾತ್ರ ಅರ ಹಾಕಿ. ನಾಲ್ಕೈದು ಸಲ ಹೀಗೆ ಮಾಡಿದರೆ ಸುತ್ತಲೂ ಕೂರುತ್ತದೆ.

ಕಾವು ಸಡಿಲವಾದರೆ ನೀರಲ್ಲಿ ನೆನೆಹಾಕುವ ಅಭ್ಯಾಸ ಎಲ್ಲರಿಗೂ ಇದೆ. ಅವತ್ತು ಬಿಗಿಯಾಗುತ್ತದೆ ನಿಜ. ಆದರೆ ಉಬ್ಬಿದ ಎಳೆ ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗುತ್ತದೆ, ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ. ನೆನೆಹಾಕುವ ಬದಲು ಕಾವನ್ನು ಇನ್ನಷ್ಟು ಒಣಗಿಸಿ, ಮತ್ತೆ ಬಡಿದು ಕೂರಿಸಿ.

ಸ್ಟೂಲು

ನನ್ನ ಮೊದಲ ಸ್ಟೂಲನ್ನು ಪೂರ್ತಿ ಹಸಿ ಮರದಲ್ಲಿ ಮಾಡಿದ್ದೆ. ಕಾಲಿನ ತೂತಿಗೆ ಅಡ್ಡಕೋಲಿನ ತುದಿ ಎಷ್ಟು ಬಿಗಿ ಕೂತಿತ್ತೆಂದರೆ ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದೆ. ಮೂರು ವಾರಕ್ಕೆ ಸೋದರಮಾವ ಬಂದರು, ಕೂತರು, ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿದರು. “ಏನಯ್ಯಾ, ಇದು ಕೂರಕ್ಕೋ ತೂಗಕ್ಕೋ?” ಎಂದು ಕೇಳಿದರು. ನಮ್ಮೂರ ಆಚಾರ್ರಿಗೆ ತೋರಿಸಿದೆ. ಅವರು ಒಂದು ಅಡ್ಡಕೋಲನ್ನು ಬೆರಳಲ್ಲಿ ತಿರುಗಿಸಿ ಈಚೆ ಎಳೆದರು. “ತೂತು ಹಸಿ ಇರಬೇಕು ಸ್ವಾಮಿ, ತುದಿ ಒಣಗಿರಬೇಕು. ನೀವು ಎರಡನ್ನೂ ಹಸಿ ಮಾಡಿದೀರಿ” ಎಂದರು. ಇಡೀ ಸ್ಟೂಲಿನ ಗುಟ್ಟು ಅಷ್ಟೇ. ಗರಿಗರಿ ಒಣಗಿದ ತುದಿಯನ್ನು ಅರೆ ಒಣಗಿದ ಕಾಲಿಗೆ ಬಡಿಯಬೇಕು. ಕಾಲು ಒಣಗುತ್ತ ಕುಗ್ಗಿ ತುದಿಯನ್ನು ಹಿಡಿದುಕೊಳ್ಳುತ್ತದೆ. ತುದಿ ಕಾಲಿನ ತೇವ ಹೀರಿ ತುಸು ಉಬ್ಬುತ್ತದೆ. ಎರಡೂ ಸೇರಿ ಬೀಗ ಹಾಕಿದ ಹಾಗೆ.

ಬೇಕಾದ್ದು: 4.5 ಸೆಂ.ಮೀ. ದಪ್ಪದ ಕಾಲು 4, ಉದ್ದ 45 ಸೆಂ.ಮೀ. ಕೂರುವ ಮಟ್ಟದ ಅಡ್ಡಕೋಲು 4, ದಪ್ಪ 3 ಸೆಂ.ಮೀ. ಕೆಳಗಿನ ಅಡ್ಡಕೋಲು 4, ದಪ್ಪ 2.5 ಸೆಂ.ಮೀ. ಎಲ್ಲ ಅಡ್ಡಕೋಲೂ 33 ಸೆಂ.ಮೀ. ಉದ್ದ. ಇವು ಮುಗಿದ ಅಳತೆ. ಹಸಿಯಲ್ಲಿ ಇದಕ್ಕಿಂತ ಎರಡು ಮೂರು ಮಿ.ಮೀ. ಹೆಚ್ಚು ದಪ್ಪ ಇರುವುದನ್ನೇ ಆರಿಸಿ. ಆಯುಧ: ಗರಗಸ, ಹರಿತ ಚಾಕು, ಮರದ ಅರ, ಮೂಲೆಮಟ್ಟ, ಕೊಡತಿ (ಮರದ ಸುತ್ತಿಗೆ), 16 ಮಿ.ಮೀ. ಬಿಟ್ ಇರುವ ಡ್ರಿಲ್. ಕೈಯಲ್ಲಿ ತಿರುಗಿಸುವ ಬೈರಿಗೆ ಇದ್ದರೆ ಇನ್ನೂ ಒಳ್ಳೆಯದು, ಕೈ ನಿಧಾನ, ತಪ್ಪು ಕಡಿಮೆ.

ಮೊದಲು ಅಡ್ಡಕೋಲುಗಳನ್ನು ಕೊಯ್ದು ನೆರಳಲ್ಲಿ ಒಂದು ತಿಂಗಳು ಬಿಡಿ. ಆಮೇಲೆ ಇನ್ನೊಂದು ವಾರ ಬಿಸಿ ಜಾಗದಲ್ಲಿ. ನಮ್ಮಲ್ಲಿ ನೀರೊಲೆಯ ಮೇಲಿನ ಅಟ್ಟ ಇದೆ. ಬೆಂಗಳೂರಿನ ಫ್ಲಾಟಿನಲ್ಲಿದ್ದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಹಿಂದಿನ ಗಾಜಿನ ಕೆಳಗೆ ಇಡಿ, ಬಹಳ ಚೆನ್ನಾಗಿ ಒಣಗುತ್ತದೆ. ಒಣಗಿತೋ ಇಲ್ಲವೋ ತಿಳಿಯಲು ಮೀಟರ್ ಬೇಡ. ಕಟ್ಟು ಕಟ್ಟಿ ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ. ನನ್ನ ಎಂಟು ಕೋಲಿನ ಕಟ್ಟು 1 ಕೆ.ಜಿ. 650 ಗ್ರಾಂ ಇದ್ದದ್ದು ಇಳಿಯುತ್ತ ಬಂದು 1 ಕೆ.ಜಿ. 100ರ ಹತ್ತಿರ ನಿಂತಿತು. ಮೂರು ದಿನ ತೂಕ ಅಲ್ಲಾಡದಿದ್ದರೆ ಹದ ಬಂತು. ಎರಡು ಕೋಲು ಒಂದಕ್ಕೊಂದು ತಟ್ಟಿ ನೋಡಿ. ಹಸಿಯದ್ದು ‘ದಬ್’ ಎನ್ನುತ್ತದೆ, ಒಣಗಿದ್ದು ಕೋಲಾಟದ ಕೋಲಿನ ಹಾಗೆ ಮೊಳಗುತ್ತದೆ.

ಕಾಲುಗಳನ್ನು ತಡವಾಗಿ ಕೊಯ್ಯಿರಿ. ಜೋಡಿಸುವುದಕ್ಕೆ ಎರಡು ಮೂರು ವಾರ ಮುಂಚೆ ಕೊಯ್ದರೆ ಸಾಕು. ತೀರಾ ಹಸಿಯೂ ಬೇಡ. ಆಗ ತಾನೇ ಕಡಿದ ಕಾಲು ತುಂಬಾ ಕುಗ್ಗಿ, ತುದಿಯನ್ನು ಹಿಸುಕಿ ತಾನೂ ಸೀಳುತ್ತದೆ.

ಇನ್ನು ತುದಿ ಮಾಡುವುದು. ಅಡ್ಡಕೋಲಿನ ಎರಡೂ ಕಡೆ 2.5 ಸೆಂ.ಮೀ. ಉದ್ದಕ್ಕೆ 16 ಮಿ.ಮೀ. ದಪ್ಪದ ತುದಿ ಬೇಕು. ಒಂದು ಒಣ ಗಟ್ಟಿ ಮರದ ತುಂಡಿಗೆ ಅದೇ ಬಿಟ್‌ನಿಂದ ತೂತು ಹೊಡೆದಿಟ್ಟುಕೊಳ್ಳಿ. ಅದೇ ನಿಮ್ಮ ಅಳತೆಗೋಲು. ಚಾಕುವಿನಿಂದ ಕೆತ್ತಿ 17 ಮಿ.ಮೀ.ಗೆ ತನ್ನಿ, ತುದಿಯ ಅಂಚನ್ನು ಸಣ್ಣಗೆ ಇಳಿಜಾರು ಮಾಡಿ. ತೂತಿಗೆ ಇಟ್ಟು ಒತ್ತಿ ತಿರುಗಿಸಿ. ಈಚೆ ತೆಗೆದು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಮಿರಿಮಿರಿ ಹೊಳೆಯುವ ಪಟ್ಟೆ ಕಾಣುತ್ತದೆ. ಹೊಳೆದಲ್ಲಿ ಮಾತ್ರ ಅರ ಎಳೆಯಿರಿ. ಮತ್ತೆ ಹಾಕಿ, ಮತ್ತೆ ನೋಡಿ. ಅರ್ಧದವರೆಗೆ ಕೈ ಬಲದಲ್ಲಿ ಹೋಗಿ, ಮುಂದಕ್ಕೆ ಕೊಡತಿ ಬೇಕು ಎನ್ನಿಸಿದರೆ ನಿಲ್ಲಿಸಿ. ಹದಿನಾರು ತುದಿ ಇದೆ, ಬೇಜಾರಾಗುತ್ತದೆ. ರೇಡಿಯೋ ಹಾಕಿಕೊಳ್ಳಿ. ಅವಸರ ಮಾಡಿ ಒಂದು ತುದಿ ಸಡಿಲ ಮಾಡಿದರೆ ಆ ಮೂಲೆ ಜನ್ಮಪೂರ್ತಿ ಅಳ್ಳಾಡುತ್ತದೆ. ತುದಿ ಮುಗಿದ ಕೋಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಗಾಳಿಯ ತೇವ ಹೀರಬಾರದು. ಮಂಗಳೂರು, ಕಾರವಾರದ ಕಡೆಯವರು ಇದನ್ನು ಮರೆಯಲೇಬಾರದು.

ಕಾಲಿಗೆ ತೂತು. ಬುಡದ ಕಡೆ ಕೆಳಗೆ ಬರುವ ಹಾಗೆ ನಾಲ್ಕೂ ಕಾಲನ್ನು ನಿಲ್ಲಿಸಿ, ಡೊಂಕು ಇದ್ದರೆ ಹೊರಕ್ಕೆ ಬಾಗುವ ಹಾಗೆ ತಿರುಗಿಸಿ ಗುರುತು ಹಾಕಿ. ಮುಂದಿನ ಮತ್ತು ಹಿಂದಿನ ಅಡ್ಡಕೋಲಿಗೆ ನೆಲದಿಂದ 14 ಮತ್ತು 40 ಸೆಂ.ಮೀ. ಎತ್ತರದಲ್ಲಿ ತೂತು. ಎಡ ಬಲದ ಅಡ್ಡಕೋಲಿಗೆ 17 ಮತ್ತು 42ರಲ್ಲಿ. ಒಂದೇ ಮಟ್ಟದಲ್ಲಿ ಹೊಡೆದರೆ ಎರಡು ತೂತೂ ಒಳಗೆ ಕೂಡಿಕೊಂಡು ಕಾಲು ಪೊಳ್ಳಾಗುತ್ತದೆ. ಆಳ 2.5 ಸೆಂ.ಮೀ. ಬಿಟ್‌ಗೆ ಅಷ್ಟು ಅಳತೆಗೆ ಬಣ್ಣದ ಟೇಪು ಸುತ್ತಿ, ಟೇಪು ಮರ ಮುಟ್ಟಿದಾಗ ನಿಲ್ಲಿಸಿ. ಡ್ರಿಲ್ ನೆಟ್ಟಗಿದೆಯೇ ಎಂದು ನೋಡಲು ಪಕ್ಕದಲ್ಲಿ ಮೂಲೆಮಟ್ಟ ನಿಲ್ಲಿಸಿಕೊಳ್ಳಿ. ಇನ್ನೊಬ್ಬರು ಪಕ್ಕದಿಂದ ನೋಡಿ “ಆ ಕಡೆ, ಈ ಕಡೆ” ಎಂದು ಹೇಳಿದರೆ ಇನ್ನೂ ಸುಲಭ.

ಬಿಗಿ ಎಲ್ಲಿರಬೇಕು ಎಂಬುದೂ ಮುಖ್ಯ. ತೂತಿನ ಮೇಲೆ ಕೆಳಗೆ ತುದಿ ಗಟ್ಟಿಯಾಗಿ ಕೂರಬೇಕು. ಅಕ್ಕಪಕ್ಕ ಒಂದು ಕೂದಲಷ್ಟು ಸಡಿಲ ಇದ್ದರೂ ನಡೆಯುತ್ತದೆ. ಏಕೆಂದರೆ ಕಾಲು ಕುಗ್ಗುವುದು ಅಡ್ಡಕ್ಕೆ, ಅಕ್ಕಪಕ್ಕದ ಬಿಗಿ ತಾನಾಗಿ ಬರುತ್ತದೆ. ಉದ್ದಕ್ಕೆ ಅದು ಕುಗ್ಗುವುದಿಲ್ಲವಲ್ಲ, ಹಾಗಾಗಿ ಮೇಲೆ ಕೆಳಗಿನ ಬಿಗಿಯನ್ನು ನಾವೇ ಕೊಡಬೇಕು. ಅಕ್ಕಪಕ್ಕ ತುಂಬಾ ಬಿಗಿ ಮಾಡಿ ಬಡಿದರೆ ಕಾಲು ಸೌದೆ ಸೀಳಿದ ಹಾಗೆ ಸೀಳುತ್ತದೆ.

ಜೋಡಿಸುವಾಗ ಮೊದಲು ಮುಂದಿನ ಎರಡು ಕಾಲು, ಎರಡು ಅಡ್ಡಕೋಲು ಸೇರಿಸಿ ಏಣಿ ಹಾಗೆ ಮಾಡಿ. ಹಿಂದಿನದ್ದೂ ಹಾಗೆಯೇ. ಕೊಡತಿಯಲ್ಲಿ ಬಡಿಯುತ್ತ ಕಿವಿಗೊಡಿ. ತುದಿ ಇಳಿಯುವಾಗ ಟಪ್ ಟಪ್ ಎನ್ನುತ್ತಿರುತ್ತದೆ. ತಳ ಮುಟ್ಟಿದ ಕೂಡಲೇ ‘ಟಕ್’ ಎಂದು ಸದ್ದು ಬದಲಾಗುತ್ತದೆ. ಅಲ್ಲಿಗೆ ಸಾಕು, ಇನ್ನೊಂದು ಪೆಟ್ಟು ಕಾಲನ್ನು ಸೀಳುತ್ತದೆ. ಎರಡು ಏಣಿ ಆದ ಮೇಲೆ ಅವುಗಳ ನಡುವೆ ಎಡ ಬಲದ ನಾಲ್ಕು ಅಡ್ಡಕೋಲು. ಇಲ್ಲಿ ನಾಲ್ಕು ತುದಿ ಒಟ್ಟಿಗೆ ಬಾಯಿಗೆ ಬರಬೇಕು, ಎರಡು ಕೈ ಸಾಲದು, ಮನೆಯಲ್ಲಿ ಯಾರನ್ನಾದರೂ ಕರೆಯಿರಿ. ಪೂರ್ತಿ ಕೂತ ಮೇಲೆ ಒಂದು ದಾರ ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಹೆಚ್ಚುಕಡಿಮೆ ಇದ್ದರೆ ಉದ್ದ ಇರುವ ಮೂಲೆಗಳನ್ನು ಒಳಕ್ಕೆ ಒತ್ತಿ. ಈ ಹೊತ್ತಿನಲ್ಲಿ ಇನ್ನೂ ಮಾತು ಕೇಳುತ್ತದೆ, ನಾಳೆ ಕೇಳುವುದಿಲ್ಲ.

ಫೆವಿಕಾಲ್ ಹಾಕಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಹದ ಸರಿ ಇದ್ದರೆ ಬೇಡ. ಮನಸ್ಸಿಗೆ ಸಮಾಧಾನ ಬೇಕೆಂದರೆ ಒಂದು ಹನಿ ಹಾಕಿ.

ಒಂದು ತಿಂಗಳು ಅದನ್ನು ಹಾಗೇ ನೆರಳಲ್ಲಿ ಬಿಡಿ. ಆಮೇಲೆ ಎಣ್ಣೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಅರ್ಧ ಗಂಟೆ ಬಿಟ್ಟು ಒರೆಸಿ. ವಾರಕ್ಕೊಮ್ಮೆ, ಮೂರು ಸಲ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನಾಗಿ ಹೊತ್ತಿಕೊಳ್ಳುವುದುಂಟು. ಬಟ್ಟೆಯನ್ನು ಹೊರಗೆ ತಂತಿ ಮೇಲೆ ಹರವಿ. ಹೊಂಗೆ ಎಣ್ಣೆ ಅಗ್ಗ, ಹುಳಕ್ಕೂ ಆಗುವುದಿಲ್ಲ, ಆದರೆ ಒಣಗುವುದೇ ಇಲ್ಲ. ಅದರ ಮೇಲೆ ಕೂತರೆ ಪಂಚೆಗೆ ಕಲೆ, ಮೂಗಿಗೆ ವಾಸನೆ. ಗುದ್ದಲಿ ಕಾವಿಗೆ ಸರಿ.

ಕೊನೆಗೆ ಕೂರುವ ಜಾಗ. ಉತ್ತರ ಕರ್ನಾಟಕದ ಹೊರಸು, ಅಂದರೆ ಹುರಿ ಮಂಚ, ನೋಡಿದ್ದೀರಲ್ಲ, ಇದು ಅದರ ಮರಿ. 5 ಮಿ.ಮೀ. ತೆಂಗಿನ ನಾರಿನ ಹುರಿ 60ರಿಂದ 70 ಮೀಟರ್ ಬೇಕು. ಮುಂದಿನ ಅಡ್ಡಕೋಲಿಗೆ ಒಂದು ತುದಿ ಕಟ್ಟಿ, ಮುಂದಿನಿಂದ ಹಿಂದಕ್ಕೆ ಮೇಲೆ ಕೆಳಗೆ ಸುತ್ತುತ್ತ ಹೋಗಿ. ಎರಡು ಸುತ್ತು ಒತ್ತಾಗಿ, ಆಮೇಲೆ ಒಂದು ಹುರಿ ದಪ್ಪದ ಜಾಗ ಬಿಡಿ, ಮತ್ತೆ ಎರಡು ಸುತ್ತು. ತುಂಬಿದ ಮೇಲೆ ಎಡದಿಂದ ಬಲಕ್ಕೆ ಒಂದು ಜೋಡಿ ಮೇಲೆ, ಒಂದು ಜೋಡಿ ಕೆಳಗೆ ಎಂದು ಹೆಣೆಯಿರಿ. ಮುಂದಿನ ಸಾಲಿನಲ್ಲಿ ಅದನ್ನೇ ತಿರುಗುಮುರುಗು ಮಾಡಿ. ಮೊದಲ ಸುತ್ತುಗಳು ಬಿಗಿಯಾಗಿರಲಿ, ಆದರೆ ವೀಣೆ ತಂತಿಯಷ್ಟು ಬೇಡ. ಹೆಣೆಯುತ್ತ ಹೋದ ಹಾಗೆ ತಾನೇ ಬಿಗಿಯುತ್ತದೆ. ನಾರಿನ ಹುರಿ ಬರಿಗಾಲಿಗೆ ಚುಚ್ಚುತ್ತದೆ ಎನ್ನುವವರು ಮಂಚದ ನವಾರ ತನ್ನಿ. ಕಾಸು ಜಾಸ್ತಿ, ಕೆಲಸ ಅರ್ಧ.

ಹೆಣೆದ ಮೇಲೆ ಸಮತಟ್ಟಾದ ನೆಲದ ಮೇಲಿಟ್ಟು ಕುಲುಕಿ. ಒಂದು ಕಾಲು ಎದ್ದಿರುತ್ತದೆ, ಯಾವಾಗಲೂ. ಎದ್ದ ಕಾಲಿನ ಕೆಳಗೆ ರಟ್ಟಿನ ಚೂರು ತೂರಿಸಿ, ಅಲ್ಲಾಟ ನಿಲ್ಲಲಿ. ಆಮೇಲೆ ಒಂದು ಸೆಂ.ಮೀ. ದಪ್ಪದ ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆಯಿರಿ. ಗೆರೆಗೆ ಕೊಯ್ಯಿರಿ. ಕಾಲಿನ ಅಡಿ ಅಂಚನ್ನು ಅರದಿಂದ ದುಂಡಗೆ ಮಾಡಿ, ಎಳೆದಾಡುವಾಗ ಸಿಬಿರು ಏಳುವುದಿಲ್ಲ.

ಇಷ್ಟರಲ್ಲಿ ಯುಗಾದಿ ಕಳೆದು ಬೇಸಿಗೆ ಮಳೆ ಬಿದ್ದಿರುತ್ತದೆ. ಬದುವಿನ ಮೇಲೆ ಕಡಿದ ಬೊಡ್ಡೆ ನೋಡಿ ಬನ್ನಿ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಚಿಗುರು ಕಿಕ್ಕಿರಿದು ಬಂದಿರುತ್ತವೆ. ಮೊಣಕಾಲೆತ್ತರ ಬಂದಾಗ ಬೊಡ್ಡೆಗೆ ಗಟ್ಟಿಯಾಗಿ ಅಂಟಿದ, ನೆಟ್ಟಗಿನ ಮೂರು ನಾಲ್ಕನ್ನು ಉಳಿಸಿ. ಒಂದಕ್ಕೊಂದು ದೂರ ಇರುವ ಹಾಗೆ ನೋಡಿಕೊಳ್ಳಿ. ಮಿಕ್ಕಿದ್ದು ಮೇಕೆಗೆ.